ಸ್ಕೂಬಾ ಬೋಧಕರ ಸಲಕರಣೆ ರಿಯಾಯಿತಿ

ಸ್ಕೂಬಾ ಬೋಧಕರ ಸಲಕರಣೆ ರಿಯಾಯಿತಿ ಎಂದರೆ ಸ್ಕೂಬಾ ಡೈವಿಂಗ್ ಕಲಿಸುವ ಬೋಧಕರು ಮತ್ತು ಅವರಿಗೆ ಸಹಾಯಕರಾಗಿರುವ ಡೈವ್‌ಮಾಸ್ಟರ್‌ಗಳು ತಮ್ಮ ಸ್ವಂತ ಬಳಕೆಯ ಸಲಕರಣೆಗಳನ್ನು ಚಿಲ್ಲರೆ ಬೆಲೆಗಿಂತ ಸಾಕಷ್ಟು ಕಡಿಮೆ ದರದಲ್ಲಿ, ಹಲವು ವೇಳೆ ಅಂಗಡಿಯ ಸಗಟು ಬೆಲೆಗೆ ಸಮೀಪದ ದರದಲ್ಲಿ, ಕೊಳ್ಳಲು ಅವಕಾಶ ಕೊಡುವ ವ್ಯಾಪಾರ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನದ ಡೈವಿಂಗ್ ವ್ಯಾಪಾರದಲ್ಲಿ ಇದನ್ನು ‘ಕೀ ಮ್ಯಾನ್’ ಬೆಲೆ ಅಥವಾ ‘ಪ್ರೋ’ ಬೆಲೆ ಎಂದು ಕರೆಯುವುದು ರೂಢಿ. ತಯಾರಕ ಕಂಪನಿ, ಡೈವ್ ಅಂಗಡಿ ಮತ್ತು ಬೋಧಕರು ಈ ಮೂವರ ನಡುವಿನ ಒಪ್ಪಂದದಂತೆ ಇದು ನಡೆಯುತ್ತದೆ. ಸೌಜನ್ಯದ ಹೆಸರಿನಲ್ಲಿ ಕೊಡುವ ಈ ರಿಯಾಯಿತಿಯು ಬೋಧಕರ ಸಂಭಾವನೆಯ ಒಂದು ಭಾಗವೂ ಹೌದು, ಅಂಗಡಿಯ ಮಾರಾಟದ ಒಂದು ಉಪಾಯವೂ ಹೌದು. ಒಪ್ಪಂದದಲ್ಲಿ ಪಾಲಿಲ್ಲದ ನಾಲ್ಕನೆಯವರೊಬ್ಬರು ಇದ್ದಾರೆ, ಅವರು ವಿದ್ಯಾರ್ಥಿ. ನೀರಿನಡಿಯಲ್ಲಿ ತನ್ನ ಉಸಿರಿಗೆ ಆಧಾರವಾಗುವ ಉಪಕರಣ ಯಾವುದಿರಬೇಕೆಂಬ ವಿಷಯದಲ್ಲಿ ವಿದ್ಯಾರ್ಥಿಯು ಬೋಧಕರ ಮಾತನ್ನೇ ನಂಬುವುದರಿಂದ ಈ ಪದ್ಧತಿ ವೃತ್ತಿನೀತಿಯ ಪ್ರಶ್ನೆಗಳನ್ನೂ ಎತ್ತುತ್ತದೆ.

ಹಿನ್ನೆಲೆ

1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾ ರೂಪಿಸಿದ ‘ಆಕ್ವಾ ಲಂಗ್’ ಉಪಕರಣವು ಸಾಮಾನ್ಯ ಈಜುಗಾರರಿಗೂ ನೀರಿನಡಿಯ ಲೋಕವನ್ನು ತೆರೆದಿಟ್ಟಿತು. ಅದು ಅಮೆರಿಕದ ಅಂಗಡಿಗಳಿಗೆ ಬಂದ ಮೊದಲ ವರ್ಷಗಳಲ್ಲಿ ಉಪಕರಣ ಸಿಗುತ್ತಿತ್ತೇ ಹೊರತು ಅದನ್ನು ಬಳಸಲು ಕಲಿಸುವ ವ್ಯವಸ್ಥಿತ ಏರ್ಪಾಡು ಇರಲಿಲ್ಲ. 1950ರ ದಶಕದಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತವೂ ವೈ.ಎಂ.ಸಿ.ಎ. ಸಂಸ್ಥೆಯೂ ತರಬೇತಿಯನ್ನು ಆರಂಭಿಸಿದವು. 1960ರಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ಅಂಡರ್‌ವಾಟರ್ ಇನ್‌ಸ್ಟ್ರಕ್ಟರ್ಸ್, ಸಂಕ್ಷೇಪವಾಗಿ ನೌಯಿ, ಸ್ಥಾಪನೆಯಾಯಿತು. ಈ ಘಟ್ಟದಲ್ಲಿ ಕಲಿಸುವುದು ಒಂದು ಕೆಲಸ, ಮಾರುವುದು ಇನ್ನೊಂದು ಕೆಲಸ ಎಂಬ ಭಾವನೆ ಬಹುಮಟ್ಟಿಗೆ ಇತ್ತು. ಬೋಧಕರಲ್ಲಿ ಅನೇಕರು ಈಜುಕೊಳದ ನೌಕರರು, ಕಾಲೇಜು ಶಿಕ್ಷಕರು ಅಥವಾ ಹವ್ಯಾಸಿಗಳಾಗಿದ್ದರು.

ಈ ಎರಡು ಕೆಲಸಗಳು ಹತ್ತಿರ ಬಂದದ್ದು 1960ರ ದಶಕದಲ್ಲಿ. 1966ರಲ್ಲಿ ಇಲಿನಾಯ್ ರಾಜ್ಯದಲ್ಲಿ ಪ್ಯಾಡಿ ಸಂಸ್ಥೆಯನ್ನು ಹುಟ್ಟುಹಾಕಿದ ಇಬ್ಬರ ಹಿನ್ನೆಲೆಯೇ ಇದನ್ನು ಸೂಚಿಸುತ್ತದೆ. ಜಾನ್ ಕ್ರೋನಿನ್ ಅವರು ಯು.ಎಸ್. ಡೈವರ್ಸ್ ಕಂಪನಿಯ ಸಲಕರಣೆಗಳನ್ನು ಮಾರುವ ಪ್ರತಿನಿಧಿಯಾಗಿದ್ದರು. ರಾಲ್ಫ್ ಎರಿಕ್ಸನ್ ಅವರು ಈಜು ಕಲಿಸುವ ಶಿಕ್ಷಕರಾಗಿದ್ದರು. ಕಲಿಯುವವರು ಹೆಚ್ಚಿದರೆ ಕೊಳ್ಳುವವರೂ ಹೆಚ್ಚುತ್ತಾರೆ, ಅಂಗಡಿಗಳು ಉಳಿದರೆ ತರಗತಿಗಳೂ ಉಳಿಯುತ್ತವೆ ಎಂಬ ತಿಳಿವಳಿಕೆ ಅಂದಿನಿಂದ ಈ ಉದ್ಯಮದ ತಳಹದಿಯಾಯಿತು. 1970ರಲ್ಲಿ ಆರಂಭವಾದ ಎಸ್.ಎಸ್.ಐ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಬೋಧಕರು ಒಂದಲ್ಲ ಒಂದು ಡೈವ್ ಕೇಂದ್ರಕ್ಕೆ ಸೇರಿಕೊಂಡೇ ಕಲಿಸಬೇಕೆಂಬ ಪದ್ಧತಿಯನ್ನು ಬೆಳೆಸಿತು. 2014ರಲ್ಲಿ ಆ ಸಂಸ್ಥೆಯು ಮಾರೆಸ್ ಸಲಕರಣೆಗಳ ಒಡೆತನ ಹೊಂದಿರುವ ಹೆಡ್ ಸಮೂಹದ ಪಾಲಾಯಿತು. ಪ್ರಮಾಣಪತ್ರ ಕೊಡುವ ಸಂಸ್ಥೆಗೂ ಸಲಕರಣೆ ತಯಾರಿಸುವ ಕಂಪನಿಗೂ ಈಗ ಒಬ್ಬರೇ ಒಡೆಯರು.

1963ರಲ್ಲಿ ಸ್ಥಾಪನೆಯಾದ ಸ್ಕೂಬಾಪ್ರೋ ಕಂಪನಿಯು ತನ್ನ ಉಪಕರಣಗಳನ್ನು ಸಾಮಾನ್ಯ ಕ್ರೀಡಾ ಸಾಮಗ್ರಿ ಅಂಗಡಿಗಳಿಗೆ ಕೊಡದೆ, ತರಬೇತಿಯನ್ನೂ ರಿಪೇರಿಯನ್ನೂ ನಡೆಸಬಲ್ಲ ವಿಶೇಷ ಡೈವ್ ಅಂಗಡಿಗಳ ಮೂಲಕವೇ ಮಾರುವ ನೀತಿಯಿಂದ ಹೆಸರಾಯಿತು. ಆಯ್ದ ಅಂಗಡಿ, ಸ್ಥಿರವಾದ ಬೆಲೆ, ಅಂಗಡಿಗೆ ಸೇರಿದ ಬೋಧಕರು ಎಂಬ ಈ ಏರ್ಪಾಡಿನಲ್ಲಿ ಬೋಧಕರಿಗೆ ಪ್ರತ್ಯೇಕ ದರ ಕೊಡುವುದು ಸಹಜವಾಗಿ ಹೊಂದಿಕೊಂಡಿತು.

ಬೋಧಕರ ಸಲಕರಣೆ ಮತ್ತು ಅದರ ಸವೆತ

ಒಬ್ಬ ಬೋಧಕರ ಕನಿಷ್ಠ ಸಲಕರಣೆಗಳೆಂದರೆ ಮಾಸ್ಕ್, ಸ್ನಾರ್ಕೆಲ್, ಫಿನ್ಸ್, ವೆಟ್‌ಸೂಟ್, ತೂಕದ ಬೆಲ್ಟ್, ಗಾಳಿ ತುಂಬಿ ತೇಲುವಿಕೆಯನ್ನು ಹತೋಟಿಯಲ್ಲಿಡುವ ಬಿ.ಸಿ.ಡಿ. ಜಾಕೆಟ್, ರೆಗ್ಯುಲೇಟರ್, ಆಪತ್ತಿನಲ್ಲಿ ಇನ್ನೊಬ್ಬರಿಗೆ ಕೊಡಲು ಎರಡನೆಯ ಬಾಯಿಕೊಳವೆ, ಸಿಲಿಂಡರಿನ ಒತ್ತಡ ತೋರಿಸುವ ಗೇಜ್, ಡೈವ್ ಕಂಪ್ಯೂಟರ್ ಮತ್ತು ನೀರಿನ ಮೇಲೆ ಗುರುತು ತೋರಿಸುವ ಗಾಳಿಬುರುಡೆ. ಇವುಗಳಲ್ಲಿ ರೆಗ್ಯುಲೇಟರ್, ಬಿ.ಸಿ.ಡಿ. ಮತ್ತು ಕಂಪ್ಯೂಟರ್ ದುಬಾರಿಯಾದವು. ರಿಯಾಯಿತಿಯ ನಿಜವಾದ ಬೆಲೆ ಗೊತ್ತಾಗುವುದೂ ಈ ಮೂರರಲ್ಲಿಯೇ.

ಹವ್ಯಾಸಕ್ಕೆ ಡೈವ್ ಮಾಡುವವರು ವರ್ಷಕ್ಕೆ ಹತ್ತಿಪ್ಪತ್ತು ಬಾರಿ ನೀರಿಗಿಳಿದರೆ ಹೆಚ್ಚು. ಕಾರ್ಯನಿರತ ಬೋಧಕರು ಒಂದೇ ಹಂಗಾಮಿನಲ್ಲಿ ನೂರಾರು ಬಾರಿ ಇಳಿಯುತ್ತಾರೆ. ಈಜುಕೊಳದ ಕ್ಲೋರಿನ್ ಬಟ್ಟೆಯನ್ನೂ ರಬ್ಬರನ್ನೂ ತಿನ್ನುತ್ತದೆ. ಸಮುದ್ರದ ಉಪ್ಪು ಕವಾಟಗಳಲ್ಲಿ ಹರಳುಗಟ್ಟುತ್ತದೆ. ರೆಗ್ಯುಲೇಟರ್ ಸುಮಾರು 200 ಬಾರ್ ಒತ್ತಡದ ಗಾಳಿಯನ್ನು ಮೊದಲ ಹಂತದಲ್ಲಿ ಸುತ್ತಲಿನ ನೀರಿನ ಒತ್ತಡಕ್ಕಿಂತ ಹತ್ತು ಬಾರ್‌ನಷ್ಟು ಹೆಚ್ಚಿರುವಂತೆ ಇಳಿಸಿ, ಎರಡನೆಯ ಹಂತದಲ್ಲಿ ಉಸಿರಿಗೆ ಹೊಂದುವಂತೆ ಮಾಡುತ್ತದೆ. ಇದರೊಳಗಿನ ಉಂಗುರಗಳನ್ನೂ ಕವಾಟದ ಪೀಠಗಳನ್ನೂ ಒಂದು ಅಥವಾ ಎರಡು ವರ್ಷಕ್ಕೊಮ್ಮೆ, ಇಲ್ಲವೇ ಕಂಪನಿ ಹೇಳಿದಷ್ಟು ಡೈವ್‌ಗಳಾದ ಮೇಲೆ ಬದಲಿಸಬೇಕು. ಹವ್ಯಾಸಿಗಳ ಮಟ್ಟಿಗೆ ದಿನಾಂಕದ ಲೆಕ್ಕ ಮೊದಲು ಬಂದರೆ ಬೋಧಕರ ಮಟ್ಟಿಗೆ ಡೈವ್‌ಗಳ ಲೆಕ್ಕವೇ ಮೊದಲು ಮುಗಿಯುತ್ತದೆ. ಆದ್ದರಿಂದ ಕೊಳ್ಳುವಾಗ ಸಿಗುವ ರಿಯಾಯಿತಿಯಷ್ಟೇ ಬಿಡಿಭಾಗ ಮತ್ತು ಸರ್ವಿಸ್‌ಗೆ ಸಿಗುವ ರಿಯಾಯಿತಿಯೂ ಮುಖ್ಯ. ರಿಯಾಯಿತಿಯ ಮಾತು ಬಂದಾಗ ಈ ಎರಡನೆಯ ಭಾಗವನ್ನು ಕೇಳಲು ಹೊಸ ಬೋಧಕರು ಮರೆಯುವುದು ಸಾಮಾನ್ಯ.

ಬೆಲೆಯ ಲೆಕ್ಕ

ಅಮೆರಿಕದ ಡೈವ್ ಅಂಗಡಿಗಳಲ್ಲಿ ಸಿಲಿಂಡರಿಗೆ ಗಾಳಿ ತುಂಬುವುದರಿಂದಾಗಲಿ ಆರಂಭದ ತರಗತಿಗಳಿಂದಾಗಲಿ ಹೆಚ್ಚಿನ ಲಾಭವಿಲ್ಲ. ಈಜುಕೊಳದ ಬಾಡಿಗೆ, ಕಂಪ್ರೆಸರ್, ವಿಮೆ, ಸಿಬ್ಬಂದಿ ಇವೆಲ್ಲದರ ವೆಚ್ಚವನ್ನು ತೂಗಿಸುವುದು ಸಲಕರಣೆಗಳ ಮಾರಾಟ. ಎಷ್ಟೋ ಅಂಗಡಿಗಳು ತರಗತಿಯ ಶುಲ್ಕವನ್ನು ಬೇಕೆಂದೇ ಕಡಿಮೆ ಇಟ್ಟು, ಆ ವಿದ್ಯಾರ್ಥಿಗಳು ಮುಂದೆ ಕೊಳ್ಳುವ ಸಾಮಾನಿನಿಂದ ನಷ್ಟವನ್ನು ತುಂಬಿಕೊಳ್ಳುತ್ತವೆ.

ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಒಂದು ಬಿ.ಸಿ.ಡಿ. ಜಾಕೆಟ್‌ನ ಪಟ್ಟಿಬೆಲೆ 600 ಡಾಲರ್, ಅಂಗಡಿಗೆ ಅದು ಬೀಳುವ ಸಗಟು ಬೆಲೆ 330 ಡಾಲರ್ ಎಂದಿಟ್ಟುಕೊಳ್ಳೋಣ. ಸಾಮಾನ್ಯ ಗಿರಾಕಿಯಿಂದ ಅಂಗಡಿಗೆ ಉಳಿಯುವುದು 270 ಡಾಲರ್. ಅದೇ ಜಾಕೆಟನ್ನು ಬೋಧಕರಿಗೆ 350 ಡಾಲರಿಗೆ ಕೊಟ್ಟರೆ ಉಳಿಯುವುದು 20 ಡಾಲರ್ ಮಾತ್ರ. ಸಾಗಣೆ ವೆಚ್ಚಕ್ಕೆ ಅದು ಸರಿಹೋಗುತ್ತದೆ. ಆದರೆ ಆ ಬೋಧಕರು ಅದನ್ನು ಧರಿಸಿ ವರ್ಷಪೂರ್ತಿ ಕಲಿಸಿ, ಅವರ ಶಿಷ್ಯರಲ್ಲಿ ನಾಲ್ವರು ಅದೇ ಜಾಕೆಟನ್ನು ಪೂರ್ಣ ಬೆಲೆಗೆ ಕೊಂಡರೆ ಅಂಗಡಿಗೆ 1,080 ಡಾಲರ್ ಬರುತ್ತದೆ. ಬೋಧಕರಿಗೆ ಉಳಿತಾಯವಾದದ್ದು 250 ಡಾಲರ್. ಹೀಗೆ ನೋಡಿದರೆ ರಿಯಾಯಿತಿಯು ಅಂಗಡಿಗೆ ಬಹಳ ಅಗ್ಗದ ಜಾಹೀರಾತು.

ಕೆಲವು ತಯಾರಕ ಕಂಪನಿಗಳು ಕೀ ಮ್ಯಾನ್ ಆರ್ಡರುಗಳಿಗೆಂದೇ ಅಂಗಡಿಗೆ ಮತ್ತಷ್ಟು ಇಳಿಸಿದ ದರ ಕೊಡುತ್ತವೆ. ಆಗ ಅಂಗಡಿಯು ತನ್ನ ಖರ್ಚಿಗೆ ಒಂದಿಷ್ಟು ಸೇರಿಸಿ ಬೋಧಕರಿಗೆ ಮಾರುತ್ತದೆ. ಎಷ್ಟು ಸೇರಿಸಬೇಕೆಂಬುದು ಅಂಗಡಿಯ ಮರ್ಜಿಗೆ ಬಿಟ್ಟದ್ದು. ಒಂದೇ ಊರಿನ ಎರಡು ಅಂಗಡಿಗಳಲ್ಲಿ ಬೋಧಕರ ದರ ಬೇರೆ ಬೇರೆ ಇರುವುದಕ್ಕೆ ಇದೂ ಕಾರಣ. ಎಲ್ಲ ಅಂಗಡಿಗಳೂ ಇಷ್ಟು ಧಾರಾಳವಾಗಿರುವುದಿಲ್ಲ. ಡೈವ್‌ಮಾಸ್ಟರ್‌ಗೆ ಒಂದು ದರ, ಬೋಧಕರಿಗೆ ಇನ್ನೊಂದು, ಕಾಯಂ ಸಿಬ್ಬಂದಿಗೆ ಮತ್ತೊಂದು ಎಂದು ಮೆಟ್ಟಿಲು ಕಟ್ಟುವ ಅಂಗಡಿಗಳೂ ಉಂಟು.

ನಿಬಂಧನೆಗಳು

ಕೀ ಮ್ಯಾನ್ ಖರೀದಿಗೆ ಸಾಮಾನ್ಯವಾಗಿ ಒಂದು ಅರ್ಜಿ ಇರುತ್ತದೆ. ಬೋಧಕರು ತಮ್ಮ ಸದಸ್ಯತ್ವದ ಸಂಖ್ಯೆಯನ್ನೂ ಆ ವರ್ಷ ಕಲಿಸಲು ಅರ್ಹತೆ ಇದೆಯೆಂಬುದಕ್ಕೆ ಪುರಾವೆಯನ್ನೂ ಕೊಡಬೇಕು. ಅವರು ತನ್ನಲ್ಲಿ ಕಲಿಸುತ್ತಿದ್ದಾರೆಂದು ಅಂಗಡಿಯ ಮಾಲೀಕರು ಸಹಿ ಹಾಕಬೇಕು. ಹಿಂದೆಂದೋ ಬೋಧಕರಾಗಿ, ವಾರ್ಷಿಕ ಶುಲ್ಕ ಕಟ್ಟದೆ ಬಿಟ್ಟವರಿಗೆ ಅವಕಾಶವಿರುವುದಿಲ್ಲ. ವರ್ಷಕ್ಕೆ ಒಂದು ಬಗೆಯ ವಸ್ತು ಒಂದೇ ಎಂಬ ಮಿತಿ, ಸ್ವಂತ ಬಳಕೆಗೆ ಮಾತ್ರ ಎಂಬ ಷರತ್ತು, ನಿಗದಿತ ಅವಧಿಯವರೆಗೆ ಮಾರಬಾರದೆಂಬ ಕಟ್ಟಳೆ ಇವು ಬಹುತೇಕ ಕಡೆ ಇವೆ. ಬೋಧಕರ ಬೆಲೆಗೆ ಕೊಂಡ ಹೊಸ ಕಂಪ್ಯೂಟರು ಡಬ್ಬಿ ಸಮೇತ ಅಂತರ್ಜಾಲದ ಹರಾಜಿನಲ್ಲಿ ಕಾಣಿಸಿಕೊಳ್ಳುವುದು ತಯಾರಕರ ಹಳೆಯ ತಲೆನೋವು.

ಇವುಗಳ ಜೊತೆಗೆ ಬರವಣಿಗೆಯಲ್ಲಿ ಇರದ ನಿಬಂಧನೆಯೂ ಒಂದಿದೆ. ಅಂಗಡಿ ಮಾರುವ ಬ್ರ್ಯಾಂಡನ್ನೇ ಬೋಧಕರು ತರಗತಿಯಲ್ಲಿ ತೊಡಬೇಕೆಂಬ ನಿರೀಕ್ಷೆ ಅದು. ಕೆಲವು ಅಂಗಡಿಗಳಲ್ಲಿ ಇದು ನೌಕರಿಯ ಷರತ್ತಾಗಿಯೇ ಇರುತ್ತದೆ. ಬೇರೆ ಕಂಪನಿಯ ಒಳ್ಳೆಯ ಸಲಕರಣೆಗಳನ್ನು ಮೊದಲೇ ಹೊಂದಿರುವ ಬೋಧಕರು ಅಂಗಡಿ ಬದಲಿಸಿದಾಗ ಮತ್ತೆ ಖರ್ಚಿಗೆ ಬೀಳುತ್ತಾರೆ. ಆಗ ಶೇಕಡಾ 40ರ ರಿಯಾಯಿತಿಯೆಂದರೆ, ಬೇಡವಾದ ವಸ್ತುವಿಗೆ ಶೇಕಡಾ 60 ಕೊಟ್ಟಂತೆ.

ಯಾವ ಅಂಗಡಿಗೂ ಸೇರದೆ ಸ್ವತಂತ್ರವಾಗಿ ಕಲಿಸುವ ಬೋಧಕರಿಗೆ ಈ ವ್ಯವಸ್ಥೆಯಲ್ಲಿ ಜಾಗ ಕಡಿಮೆ. ಅವರಿಗೆ ಸಹಿ ಹಾಕಿಕೊಡುವ ಅಂಗಡಿಯ ದೃಷ್ಟಿಯಲ್ಲಿ ಅವರು ಪ್ರತಿಸ್ಪರ್ಧಿಗಳು. ವಿದ್ಯಾರ್ಥಿಗಳನ್ನು ಖರೀದಿಗೆ ಕಳುಹಿಸಿಕೊಡುವ ಮಾತಿನ ಮೇಲೆ ಅವರು ಒಂದು ಅಂಗಡಿಯೊಂದಿಗೆ ಹೊಂದಾಣಿಕೆ ಮಾಡಿಕೊಳ್ಳುವುದೂ, ಬೋಧಕರಿಗೆ ನೇರವಾಗಿ ಮಾರುವ ಕಂಪನಿಗಳನ್ನು ಹುಡುಕುವುದೂ ಉಂಟು. ಹಿಮಜಾರಾಟ ಕಲಿಸುವವರಿಗೆ, ಪರ್ವತಾರೋಹಣದ ಮಾರ್ಗದರ್ಶಕರಿಗೆ ಅಮೆರಿಕದಲ್ಲಿ ಸಿಗುವ ‘ಪ್ರೋ ಡೀಲ್’ ಪದ್ಧತಿಯಲ್ಲಿ ಅಂಗಡಿಯ ಮಧ್ಯಸ್ಥಿಕೆ ಇಲ್ಲದೆ ಕಂಪನಿಯಿಂದಲೇ ಕೊಳ್ಳುವುದು ಹೆಚ್ಚು ಬಳಕೆಯಲ್ಲಿದೆ.

ಸಂಭಾವನೆಯಾಗಿ ರಿಯಾಯಿತಿ

ಡೈವಿಂಗ್ ಬೋಧಕರ ಗಳಿಕೆ ಅವರ ಹೊಣೆಗೆ ತಕ್ಕಷ್ಟಿಲ್ಲ. ಬೋಧಕರಾಗಲು ಹಲವು ಹಂತದ ಕೋರ್ಸು, ಪರೀಕ್ಷಾ ಶುಲ್ಕ, ಪಠ್ಯಸಾಮಗ್ರಿ, ಪ್ರಥಮ ಚಿಕಿತ್ಸೆಯ ತರಬೇತಿ ಬೇಕು. ಆದ ಮೇಲೆ ಪ್ರತಿವರ್ಷ ಸದಸ್ಯತ್ವ ಶುಲ್ಕ ಮತ್ತು ಅಮೆರಿಕದಂಥ ದೇಶಗಳಲ್ಲಿ ಹೊಣೆಗಾರಿಕೆ ವಿಮೆ ಕಟ್ಟಬೇಕು. ತರಗತಿಯೊಂದಕ್ಕೆ ಇಷ್ಟು ಅಥವಾ ವಿದ್ಯಾರ್ಥಿಯೊಬ್ಬರಿಗೆ ಇಷ್ಟು ಎಂದು ಸಿಗುವ ಹಣ ಈ ಖರ್ಚಿಗೇ ಸಾಲದೆ ಹೋಗುವುದು ಅಪರೂಪವಲ್ಲ. ವಾರಾಂತ್ಯದಲ್ಲಿ ಮಾತ್ರ ಕಲಿಸುವ ಅನೇಕರಿಗೆ ಬೇರೊಂದು ಉದ್ಯೋಗವೇ ಜೀವನಾಧಾರ. ಅಂಥವರಿಗೆ ಸಂಬಳ ಹೆಚ್ಚಿಸುವ ಬದಲು ‘ಸಲಕರಣೆ ಅಗ್ಗವಾಗಿ ಸಿಗುತ್ತದಲ್ಲ’ ಎಂದು ಸಮಾಧಾನ ಹೇಳುವುದು ಈ ವ್ಯಾಪಾರದ ಹಳೆಯ ವಾಡಿಕೆ.

ಈ ಸಮಾಧಾನಕ್ಕೆ ಒಂದು ಮಿತಿ ಇದೆ. ರಿಯಾಯಿತಿಯ ಲಾಭ ಸಿಗುವುದು ಕೊಂಡಾಗ ಮಾತ್ರ; ಮನೆಬಾಡಿಗೆಯನ್ನು ರಿಯಾಯಿತಿಯಿಂದ ಕಟ್ಟಲಾಗದು. ಮೊದಲ ವರ್ಷ ಇಡೀ ಸೆಟ್ ಕೊಳ್ಳುವ ಬೋಧಕರಿಗೆ ದೊಡ್ಡ ಉಳಿತಾಯವಾಗುತ್ತದೆ, ಐದನೆಯ ವರ್ಷದವರಿಗೆ ಒಂದು ಜೊತೆ ಫಿನ್ಸಿನಷ್ಟು. ಆದರೂ ಇಬ್ಬರ ಕೂಲಿ ಒಂದೇ ಇದ್ದರೆ, ಅನುಭವ ಹೆಚ್ಚಿದಂತೆ ನಿಜವಾದ ಗಳಿಕೆ ಇಳಿದಂತಾಯಿತು. ಇದಕ್ಕೆ ತದ್ವಿರುದ್ಧವಾಗಿ, ಅಗ್ಗದ ಸಲಕರಣೆಗಾಗಿಯೇ ಡೈವ್‌ಮಾಸ್ಟರ್ ಪ್ರಮಾಣಪತ್ರ ಪಡೆಯುವವರ ಬಗ್ಗೆ ಅಂಗಡಿಯವರು ದೂರುತ್ತಾರೆ. ಕೋರ್ಸು, ಶುಲ್ಕ, ವಿಮೆ ಎಲ್ಲವನ್ನೂ ಕೂಡಿಸಿದರೆ ಹೀಗೆ ಮಾಡುವವರಿಗೆ ಸಿಗುವ ಲಾಭ ಅಷ್ಟಕ್ಕಷ್ಟೆ.

ಅಮೆರಿಕದ ತೆರಿಗೆ ಕಾನೂನು ಇದನ್ನು ಸಂಬಳಕ್ಕೆ ಹತ್ತಿರದ ವಿಷಯವೆಂದೇ ಪರಿಗಣಿಸಿದೆ. ಆಂತರಿಕ ಕಂದಾಯ ಸಂಹಿತೆಯ 132ನೆಯ ಸೆಕ್ಷನ್ ಪ್ರಕಾರ ಉದ್ಯೋಗದಾತರು ತಾವು ಮಾರುವ ವಸ್ತುಗಳ ಮೇಲೆ ನೌಕರರಿಗೆ ಕೊಡುವ ರಿಯಾಯಿತಿಯು ಆ ವ್ಯಾಪಾರದ ಒಟ್ಟು ಲಾಭಾಂಶದ ಪ್ರಮಾಣವನ್ನು ಮೀರದಿದ್ದರೆ ಅದಕ್ಕೆ ತೆರಿಗೆ ಇಲ್ಲ. ಅಸಲಿಗಿಂತ ಕಡಿಮೆಗೆ ಕೊಟ್ಟರೆ ಮೀರಿದ ಭಾಗ ಆದಾಯವೆನಿಸಬಹುದು. ಈ ವಿನಾಯಿತಿ ನೌಕರರಿಗೆ ಅನ್ವಯಿಸುತ್ತದೆಯೇ ಹೊರತು ಗುತ್ತಿಗೆಯ ಮೇಲೆ ದುಡಿಯುವ ಸ್ವತಂತ್ರರಿಗಲ್ಲ. ಡೈವಿಂಗ್ ಬೋಧಕರಲ್ಲಿ ಅನೇಕರು ಎರಡನೆಯ ವರ್ಗದವರು.

ಸಲಹೆಯ ನಿಷ್ಪಕ್ಷತೆ

ಸ್ಕೂಬಾ ಕಲಿಯಲು ಬಂದವರಿಗೆ ಒಂದು ರೆಗ್ಯುಲೇಟರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿದಿರುವುದಿಲ್ಲ. ಹತ್ತು ಮೀಟರ್ ಆಳಕ್ಕೆ ಹೋದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಪಕ್ಕದಲ್ಲಿರುವವರು ಬೋಧಕರೊಬ್ಬರೇ. ಮೊದಲ ಭಯವನ್ನು ನೀಗಿಸಿದವರ ಮೇಲೆ ಹುಟ್ಟುವ ನಂಬಿಕೆ ಬಹಳ ಗಾಢವಾದದ್ದು. ಅಂಥವರು ‘ಇದು ಒಳ್ಳೆಯದು’ ಎಂದರೆ ವಿದ್ಯಾರ್ಥಿಯು ಎರಡನೆಯ ಅಂಗಡಿಗೆ ಹೋಗಿ ವಿಚಾರಿಸುವುದಿಲ್ಲ. ಕೀ ಮ್ಯಾನ್ ಪದ್ಧತಿ ನಿಂತಿರುವುದೇ ಈ ನಂಬಿಕೆಯ ಮೇಲೆ.

ಇದರಲ್ಲಿ ಮೋಸವೇ ಇದೆ ಎಂದಲ್ಲ. ತಾವು ದಿನವೂ ಬಳಸುವ ವಸ್ತುವಿನ ಗುಣದೋಷ ಬೋಧಕರಿಗೆ ಚೆನ್ನಾಗಿ ಗೊತ್ತು. ಅದನ್ನೇ ಸೂಚಿಸುವುದು ಪ್ರಾಮಾಣಿಕ ಸಲಹೆಯೂ ಆಗಿರಬಹುದು. ಯುರೋಪಿನ ಇ.ಎನ್. 250ರಂಥ ಮಾನದಂಡಗಳನ್ನು ಪೂರೈಸಿ ಮಾರುಕಟ್ಟೆಗೆ ಬಂದ ರೆಗ್ಯುಲೇಟರುಗಳಲ್ಲಿ ಹೊಸಬರ ಅಗತ್ಯಕ್ಕೆ ಸಾಲದವು ಕಡಿಮೆ. ತೊಡಕು ಇರುವುದು ಬೇರೆಡೆ. ಬೋಧಕರು 350 ಡಾಲರಿಗೆ ಕೊಂಡದ್ದನ್ನು ವಿದ್ಯಾರ್ಥಿ 600 ಡಾಲರಿಗೆ ಕೊಳ್ಳುವಾಗ, ‘ನಾನೂ ಇದನ್ನೇ ಕೊಂಡೆ’ ಎಂಬ ಮಾತಿನ ತೂಕ ಇಬ್ಬರಿಗೂ ಒಂದೇ ಅಲ್ಲ. ಮೇಲ್ದರ್ಜೆಯ ಮಾದರಿ ಬೋಧಕರಿಗೆ ಕೈಗೆಟಕುವುದು ರಿಯಾಯಿತಿಯಿಂದ. ಅದು ಅವರ ಮೈಮೇಲಿರುವುದನ್ನು ಕಂಡು, ಬಾಡಿಗೆ ಸಲಕರಣೆಯಲ್ಲೇ ಕೆಲವು ವರ್ಷ ಕಳೆಯಬಹುದಾದ ವಿದ್ಯಾರ್ಥಿ ಸಾಲ ಮಾಡಿಯಾದರೂ ಅದನ್ನೇ ಬಯಸುತ್ತಾರೆ. ಗೈಡ್ ಪುಸ್ತಕಗಳ ಪ್ರಕಾಶಕರು ಶಾಲಾ ಶಿಕ್ಷಕರಿಗೆ ಗೌರವ ಪ್ರತಿ ಕಳುಹಿಸುವುದನ್ನು ಬಲ್ಲವರಿಗೆ ಈ ಸಂಬಂಧದ ಸ್ವರೂಪ ಅರ್ಥವಾಗಲು ಕಷ್ಟವಿಲ್ಲ. ಪ್ರತಿ ಉಚಿತವಾಗಿ ಬಂದದ್ದು ಶಿಕ್ಷಕರಿಗೆ, ಹಣ ಕೊಡುವವರು ಮಕ್ಕಳ ಪೋಷಕರು.

ವೃತ್ತಿನಿಷ್ಠ ಬೋಧಕರು ಇದಕ್ಕೆ ಕಂಡುಕೊಂಡಿರುವ ದಾರಿ ಸರಳವಾಗಿದೆ: ತಮಗೆ ರಿಯಾಯಿತಿ ಇದೆ ಎಂಬುದನ್ನು ಮೊದಲೇ ಹೇಳುವುದು. ಮಾಸ್ಕ್ ಮುಖಕ್ಕೆ, ಫಿನ್ಸ್ ಕಾಲಿಗೆ, ಸೂಟ್ ಮೈಗೆ ಸರಿಹೊಂದಬೇಕಾದದ್ದರಿಂದ ಅವುಗಳನ್ನು ಮೊದಲು ಕೊಂಡು, ದುಬಾರಿಯಾದವುಗಳನ್ನು ಕೆಲವು ಡೈವ್‌ಗಳ ಅನುಭವದ ನಂತರ ಆರಿಸಿಕೊಳ್ಳಿ ಎನ್ನುವವರ ಮಾತನ್ನು ಧೈರ್ಯವಾಗಿ ನಂಬಬಹುದು. ಊರಿನಲ್ಲಿ ಸರ್ವಿಸ್ ಮಾಡುವವರಿಲ್ಲದ ರೆಗ್ಯುಲೇಟರ್ ಎಷ್ಟು ಅಗ್ಗವಾಗಿದ್ದರೂ ಬೇಡವೆನ್ನುವುದು ವ್ಯಾಪಾರದ ಮಾತಲ್ಲ, ಸುರಕ್ಷತೆಯ ಮಾತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸು ಮಾರ್ಗಸೂಚಿಗಳು ಜಾಹೀರಾತುಗಳಲ್ಲಿ ಹೊಗಳುವವರಿಗೂ ಮಾರುವವರಿಗೂ ಇರುವ ಹಣದ ಅಥವಾ ಲಾಭದ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಹೇಳುತ್ತವೆ. ಸಾಮಾಜಿಕ ಮಾಧ್ಯಮಗಳಲ್ಲಿ ಸಲಕರಣೆಗಳನ್ನು ಪ್ರಚಾರ ಮಾಡುವ ಬೋಧಕರಿಗೂ ಇದು ಸಂಬಂಧಿಸುತ್ತದೆ.

ಬೆಲೆ ನಿಯಂತ್ರಣ ಮತ್ತು ಕಾನೂನು

ಬೋಧಕರ ರಿಯಾಯಿತಿಗೆ ಇಷ್ಟು ಮಹತ್ವ ಬರಲು ಇನ್ನೊಂದು ಕಾರಣ, ಸಾರ್ವಜನಿಕರಿಗೆ ರಿಯಾಯಿತಿ ಸುಲಭವಾಗಿ ಸಿಗದಿರುವುದು. ಇಂತಿಷ್ಟಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ತೋರಿಸಬಾರದೆಂಬ ನಿಯಮವನ್ನು ಹಲವು ತಯಾರಕರು ಅಧಿಕೃತ ಅಂಗಡಿಗಳ ಮೇಲೆ ಹೇರುತ್ತಾರೆ. 1911ರ ಡಾಕ್ಟರ್ ಮೈಲ್ಸ್ ಪ್ರಕರಣದಿಂದ ಮೊದಲ್ಗೊಂಡು ಅಮೆರಿಕದ ಸುಪ್ರೀಂ ಕೋರ್ಟು ಕನಿಷ್ಠ ಮರುಮಾರಾಟ ಬೆಲೆಯ ಒಪ್ಪಂದವನ್ನು ತನ್ನಷ್ಟಕ್ಕೇ ಕಾನೂನುಬಾಹಿರವೆಂದು ಎಣಿಸಿತ್ತು. ಈ ನಡುವೆ ಕೆಲವು ದಶಕ ರಾಜ್ಯಗಳ ಕಾಯಿದೆಗಳು ಕೊಟ್ಟಿದ್ದ ವಿನಾಯಿತಿ 1975ರಲ್ಲಿ ಕೊನೆಗೊಂಡಿತು. 2007ರ ಲೀಜಿನ್ ಪ್ರಕರಣದಲ್ಲಿ ಕೋರ್ಟು ಹಳೆಯ ನಿಲುವನ್ನು ಬಿಟ್ಟು, ಪ್ರತಿ ಪ್ರಕರಣದಲ್ಲೂ ಸ್ಪರ್ಧೆಯ ಮೇಲಾಗುವ ಪರಿಣಾಮವನ್ನು ನೋಡಬೇಕೆಂದಿತು. ಬೆಲೆ ಹೀಗೆ ಬಿಗಿಯಾಗಿರುವಾಗ ಅಧಿಕೃತವಾಗಿ ಅಗ್ಗವಾಗಿ ಕೊಳ್ಳಲು ಉಳಿಯುವ ಕಿಂಡಿಗಳಲ್ಲಿ ಕೀ ಮ್ಯಾನ್ ದರವೇ ಮುಖ್ಯವಾದದ್ದು. ಅಧಿಕೃತವಲ್ಲದ ಮಾರಾಟಗಾರರಲ್ಲಿ ಬೆಲೆ ಕಡಿಮೆಯಿದ್ದರೂ ತಯಾರಕರ ವಾರಂಟಿ ಸಿಗದೆ ಹೋಗಬಹುದು.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ 1953ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್‌ನ ಶಾಖೆಗಳಲ್ಲಿ ಬೋಧಕರು ಬಹುಪಾಲು ಸ್ವಯಂಸೇವಕರು. ಕ್ಲಬ್ಬಿನ ಸಲಕರಣೆಗಳನ್ನು ಸದಸ್ಯರು ಹಂಚಿಕೊಂಡು ಬಳಸುವುದರಿಂದ ಅಲ್ಲಿ ಕಲಿಸುವವರಿಗೆ ಮಾರುವ ಒತ್ತಡವಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಮರುಮಾರಾಟದ ಕನಿಷ್ಠ ಬೆಲೆಯನ್ನು ತಯಾರಕರು ನಿಗದಿ ಮಾಡುವುದನ್ನು ಗಂಭೀರ ಸ್ಪರ್ಧಾ ಉಲ್ಲಂಘನೆಯಾಗಿ ಎಣಿಸುತ್ತಾರೆ.

ಭಾರತದಲ್ಲಿ ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪ, ಪುದುಚೇರಿ ಮತ್ತು ಕರ್ನಾಟಕದ ನೇತ್ರಾಣಿ ಡೈವಿಂಗ್‌ಗೆ ಹೆಸರಾದ ತಾಣಗಳು. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ದೋಣಿಗಳು ಹೋಗುತ್ತವೆ. ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಒಂದು ದಿನದ ಪರಿಚಯ ಡೈವ್ ಮಾಡಿ, ಬಾಡಿಗೆ ಸಲಕರಣೆಯನ್ನು ಹಿಂತಿರುಗಿಸಿ ಹೋಗುವವರು. ಅವರು ಯಾವ ಬ್ರ್ಯಾಂಡನ್ನೂ ಕೊಳ್ಳುವುದಿಲ್ಲವಾದ್ದರಿಂದ, ಶಿಷ್ಯರ ಖರೀದಿಯಿಂದ ಬೋಧಕರ ರಿಯಾಯಿತಿಯನ್ನು ತುಂಬಿಕೊಳ್ಳುವ ಅಮೆರಿಕದ ಲೆಕ್ಕ ಇಲ್ಲಿ ಸರಿಹೊಂದುವುದಿಲ್ಲ. ಪ್ರಮುಖ ಕಂಪನಿಗಳ ಸಲಕರಣೆಗಳು ವಿದೇಶದಿಂದ ಬರುವುದರಿಂದ ಆಮದು ಸುಂಕವೂ ಬೆಲೆಗೆ ಸೇರುತ್ತದೆ. ರಿಯಾಯಿತಿ ಸಿಕ್ಕರೂ ಅದರ ಒಂದು ಭಾಗ ಸುಂಕಕ್ಕೆ ಹೋಗುತ್ತದೆ. ವರ್ಷದ ಕೆಲವೇ ತಿಂಗಳು ಕೆಲಸವಿರುವ ಕರಾವಳಿಯ ಬೋಧಕರಿಗೆ ಹೊಸದನ್ನು ಅಗ್ಗವಾಗಿ ಕೊಳ್ಳುವುದಕ್ಕಿಂತ ಇರುವುದನ್ನು ಹತ್ತಿರದಲ್ಲಿ ರಿಪೇರಿ ಮಾಡಿಸುವ ಅನುಕೂಲವೇ ಹೆಚ್ಚು ಬೆಲೆಯುಳ್ಳದ್ದು.

ಭಾರತದ 2002ರ ಸ್ಪರ್ಧಾ ಕಾಯಿದೆಯ 3ನೆಯ ಸೆಕ್ಷನ್ ಮರುಮಾರಾಟ ಬೆಲೆಯ ನಿಯಂತ್ರಣವನ್ನು, ಅದು ಸ್ಪರ್ಧೆಗೆ ಗಣನೀಯ ಧಕ್ಕೆ ತರುವುದಾದರೆ, ನಿಷೇಧಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಗಳು ಜಾಹೀರಾತಿನಲ್ಲಿ ಶಿಫಾರಸು ಮಾಡುವವರು ಕಂಪನಿಯೊಂದಿಗೆ ತಮಗಿರುವ ಸಂಬಂಧವನ್ನು ತಿಳಿಸಬೇಕೆನ್ನುತ್ತವೆ.